ಮೂರು ಅಂಕಣಗಳ ನೋಟ್‌ಬುಕ್

ವೃತ್ತಿ ಬದಲಿಸುವ ಬಗ್ಗೆ ಸಲಹೆ ಕೇಳಿ ನನ್ನ ಬಳಿ ಬಂದ ಮಹಿಳೆಯೊಬ್ಬರ ಕಥೆಯಿದು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆಯಿದೆ.

ವಯಸ್ಸು 36. ಆಸ್ಪತ್ರೆ ನಿರ್ವಹಣೆಯಲ್ಲಿ ಸ್ನಾತಕೋತ್ತರ ಪದವಿ ಪಡೆದು, ದೊಡ್ಡ ಆಸ್ಪತ್ರೆಯೊಂದರ ಆಡಳಿತ ವಿಭಾಗದಲ್ಲಿ ಹನ್ನೊಂದು ವರ್ಷ ದುಡಿದವರು. ಕೆಲಸ ಬಿಟ್ಟು ಅದೇ ವಿಷಯವನ್ನು ಕಲಿಸಬೇಕು, ಆರೋಗ್ಯ ನೀತಿಯಲ್ಲಿ ಪಿಎಚ್‌.ಡಿ. ಮಾಡಬೇಕು ಎಂಬ ಆಸೆ. ಸಹೋದ್ಯೋಗಿಯೊಬ್ಬರು "ಇಲ್ಲಿ ಆಗಲಿಲ್ಲ ಅಂತ ಅಲ್ಲಿಗೆ ಹೊರಟಿರಾ?" ಎಂದಿದ್ದರಂತೆ. ಆ ಮಾತು ಮುಳ್ಳಿನಂತೆ ನೆಟ್ಟಿತ್ತು. ಮೊದಲ ಭೇಟಿಯಲ್ಲಿ ಕುರ್ಚಿಯ ಅಂಚಿನಲ್ಲಿ ಕುಳಿತು ಅವರು ಕೇಳಿದ್ದೂ ಅದನ್ನೇ: "ನಾನು ಓಡಿಹೋಗುತ್ತಿದ್ದೇನೆಯೇ?"

ಉತ್ತರ ಕೊಡುವ ಬದಲು, ಈ ಆಸೆ ಮೊಳೆತ ದಿನ ಯಾವುದೆಂದು ಕೇಳಿದೆ. ಅವರಿಗೆ ಅದು ಚೆನ್ನಾಗಿ ನೆನಪಿತ್ತು. ಶ್ವಾಸಕೋಶದ ಸೋಂಕಿನಿಂದ ಬಂದ ವೃದ್ಧರೊಬ್ಬರು ಬೆಳಗಿನ ಹತ್ತರಿಂದ ಸಂಜೆ ಐದರವರೆಗೆ ತುರ್ತು ವಿಭಾಗದ ಸ್ಟ್ರೆಚರ್ ಮೇಲೆಯೇ ಇದ್ದರು. ಮೇಲಿನ ವಾರ್ಡಿನಲ್ಲಿ ಮನೆಗೆ ಹೊರಟ ಆರು ಮಂದಿ ಬಟ್ಟೆ ಬದಲಿಸಿ, ಚೀಲ ಕಟ್ಟಿಕೊಂಡು, ತಮ್ಮ ತಮ್ಮ ಹಾಸಿಗೆಯ ಮೇಲೆ ಕಾಗದಪತ್ರಗಳಿಗಾಗಿ ಕಾಯುತ್ತಾ ಕುಳಿತಿದ್ದರು. ವೃದ್ಧರು ಗುಣವಾಗಿ ಮನೆಗೆ ಹೋದರು. ಆದರೆ ಗಂಟೆಗೊಮ್ಮೆ ಬಂದು "ಹಾಸಿಗೆ ಸಿಕ್ಕಿತೇ?" ಎಂದು ಕೇಳುತ್ತಿದ್ದ ಅವರ ಮಗಳ ದನಿ ಇವರ ಕಿವಿಯಿಂದ ಹೋಗಿಲ್ಲ.

ಎರಡನೆಯ ಭೇಟಿಗೆ ಒಂದು ನೋಟ್‌ಬುಕ್ ತಂದರು. ನೀಲಿ ರಟ್ಟು, ಮೂಲೆಗಳು ಸವೆದಿವೆ. ಪ್ರತಿ ಪುಟದಲ್ಲಿ ಮೂರು ಅಂಕಣಗಳು: ವೈದ್ಯರು ಬಿಡುಗಡೆ ಬರೆದ ಸಮಯ, ಬಿಲ್ ಸಿದ್ಧವಾದ ಸಮಯ, ಹಾಸಿಗೆ ಖಾಲಿಯಾದ ಸಮಯ. 10.20, 1.45, 4.50. ಹೀಗೆ ಹದಿನಾಲ್ಕು ವಾರ. ರೋಗಿಗಳ ಹೆಸರು ಎಲ್ಲಿಯೂ ಇರಲಿಲ್ಲ. ಆ ಎಚ್ಚರ ನನಗೆ ಬಹಳ ಹಿಡಿಸಿತು. ಯಾರಿಗೆ ತೋರಿಸಿದ್ದೀರಿ ಎಂದರೆ, "ಯಾರಿಗೂ ಇಲ್ಲ, ಬರೀ ನನ್ನ ಸಮಾಧಾನಕ್ಕೆ" ಎಂದರು.

ಓಡಿಹೋಗುವವರು ದಿನವೂ ಗಡಿಯಾರ ನೋಡಿ ಹೀಗೆ ಬರೆದಿಡುವುದಿಲ್ಲ. ಅದನ್ನು ನೇರವಾಗಿಯೇ ಹೇಳಿದೆ. ಆಗ ಅವರು ಮೊದಲ ಬಾರಿಗೆ ಕುರ್ಚಿಗೆ ಒರಗಿ ಕುಳಿತರು.

ಆದರೂ ಆ ಪುಸ್ತಕ ಇನ್ನೂ ಸಂಶೋಧನೆಯಾಗಿರಲಿಲ್ಲ, ಅದನ್ನೂ ಹೇಳಬೇಕಿತ್ತು. ಆರೈಕೆಯ ಗುಣಮಟ್ಟವನ್ನು ರಚನೆ (ಇರುವ ಸೌಕರ್ಯ, ಸಿಬ್ಬಂದಿ), ಪ್ರಕ್ರಿಯೆ (ಕೆಲಸ ನಡೆಯುವ ಬಗೆ), ಫಲಿತಾಂಶ (ರೋಗಿಗೆ ಕೊನೆಗೆ ಆದದ್ದು) ಎಂಬ ಮೂರು ನೆಲೆಗಳಲ್ಲಿ ನೋಡಬೇಕೆಂದು ವೈದ್ಯ, ಸಂಶೋಧಕ ಅವೆಡಿಸ್ ಡೊನಬೇಡಿಯನ್ 1966ರಲ್ಲಿ ಬರೆದದ್ದನ್ನು ಅವರು ಓದಿದ್ದರು, ಪರೀಕ್ಷೆಯಲ್ಲಿ ಉತ್ತರವನ್ನೂ ಬರೆದಿದ್ದರು. "ಇದರಲ್ಲಿ ಮೂರೂ ಇವೆಯೇ?" ಎಂದು ಪುಸ್ತಕವನ್ನು ಅವರತ್ತ ತಿರುಗಿಸಿದೆ. ಸ್ವಲ್ಪ ಹೊತ್ತು ನೋಡಿ, "ಪ್ರಕ್ರಿಯೆ ಮಾತ್ರ. ಕೆಳಗೆ ಕಾಯುತ್ತಿದ್ದವರಿಗೆ ಏನಾಯಿತು ಎಂಬುದು ಇಲ್ಲ" ಎಂದರು. ಅವರನ್ನು ಕಾಡುತ್ತಿದ್ದ ವೃದ್ಧರೇ ಅವರ ಲೆಕ್ಕದಲ್ಲಿ ಇರಲಿಲ್ಲ.

"ವೈದ್ಯಳಲ್ಲದ ನನ್ನ ಮಾತನ್ನು ಯಾರು ಕೇಳುತ್ತಾರೆ?" ಎಂಬ ಅಳುಕೂ ಅವರಿಗಿತ್ತು. ಅದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಆರೋಗ್ಯ ಅರ್ಥಶಾಸ್ತ್ರಕ್ಕೆ ಅಡಿಪಾಯವೆಂದು ಎಣಿಸುವ 1963ರ ಪ್ರಬಂಧವನ್ನು ಬರೆದ ಕೆನೆತ್ ಆರೋ ಅರ್ಥಶಾಸ್ತ್ರಜ್ಞ, ಸ್ಟೆತಸ್ಕೋಪ್ ಹಿಡಿದವರಲ್ಲ.

ಹೆಚ್ಚು ಸಮಯ ಹಿಡಿದದ್ದು ಅವರ ಅವಸರ. ಎರಡು ವರ್ಷದಲ್ಲಿ ನಿಯಮ ಬದಲಾಗಬೇಕು ಎಂಬ ನಿರೀಕ್ಷೆ ಅವರದು. ಜಾನ್ ವೆನ್‌ಬರ್ಗ್ ಮತ್ತು ಆಲನ್ ಗಿಟೆಲ್‌ಸನ್ ಎಂಬ ಸಂಶೋಧಕರು ಅಮೆರಿಕದ ವರ್ಮಾಂಟ್‌ನಲ್ಲಿ ಮಾಡಿ 1973ರಲ್ಲಿ ಪ್ರಕಟಿಸಿದ ಅಧ್ಯಯನದ ಕಥೆ ಹೇಳಿದೆ. ಒಂದೇ ರಾಜ್ಯದೊಳಗೆ ಟಾನ್ಸಿಲ್ ತೆಗೆಯುವ ಶಸ್ತ್ರಚಿಕಿತ್ಸೆ ಒಂದು ಪ್ರದೇಶದಲ್ಲಿ 10,000 ಜನರಿಗೆ 13, ಇನ್ನೊಂದರಲ್ಲಿ 151. ಅಷ್ಟು ಸ್ಪಷ್ಟವಾದ ಅಂಕಿಗಳು ಕೈಯಲ್ಲಿದ್ದರೂ, ಇಂಥ ವ್ಯತ್ಯಾಸಗಳ ಕುರಿತ ಅಧ್ಯಯನ ಅರ್ಧ ಶತಮಾನದ ನಂತರವೂ ನಡೆಯುತ್ತಲೇ ಇದೆ. ಈ ನಿಧಾನವನ್ನು ನೀವು ತಾಳಬಲ್ಲಿರಾ ಎಂದು ಕೇಳಿದೆ. "ಗೊತ್ತಿಲ್ಲ" ಎಂದರು. ಪ್ರಾಮಾಣಿಕವಾದ ಉತ್ತರ, ಅಂದು ಅದಕ್ಕಿಂತ ಹೆಚ್ಚನ್ನು ನಾನು ಕೇಳಲಿಲ್ಲ.

ಕೊಟ್ಟ ಸಲಹೆ ಹೀಗಿತ್ತು. ಆರು ತಿಂಗಳು ರಾಜೀನಾಮೆಯ ಮಾತು ಬೇಡ. ಆ ಮಾಹಿತಿ ಆಸ್ಪತ್ರೆಗೆ ಸೇರಿದ್ದು. ಮೊದಲು ಲಿಖಿತ ಅನುಮತಿ ಪಡೆದು, ಸಂಶೋಧನೆ ನೀತಿಬದ್ಧವೇ ಎಂದು ಪರಿಶೀಲಿಸುವ ನೈತಿಕ ಸಮಿತಿಯ ಮುಂದೆ ಹೋಗಿ, ಆಮೇಲೆ ಬಳಸಿ. ಕಲಿಸುವುದು ಮತ್ತು ಸಂಶೋಧಿಸುವುದು ಎರಡು ಬೇರೆ ಕಸುಬುಗಳು, ಒಂದನ್ನು ಪ್ರೀತಿಸುವವರಿಗೆ ಇನ್ನೊಂದು ಒಗ್ಗಲೇಬೇಕೆಂದಿಲ್ಲ. ಹಾಗಾಗಿ ರಜೆಯ ದಿನಗಳಲ್ಲಿ ಅತಿಥಿ ಉಪನ್ಯಾಸಕಿಯಾಗಿ ನಾಲ್ಕಾರು ತರಗತಿ ತೆಗೆದುಕೊಂಡು ನೋಡಿ. ಸಂಖ್ಯಾಶಾಸ್ತ್ರದ ಭಯ ಇಟ್ಟುಕೊಂಡು ಪಿಎಚ್‌.ಡಿ.ಗೆ ಇಳಿಯಬೇಡಿ, ಅದನ್ನು ಈಗಲೇ ಕಲಿಯಿರಿ. ಜನರನ್ನು ಕೂರಿಸಿಕೊಂಡು ಸಂದರ್ಶನ ಮಾಡುವುದೂ ಒಂದು ವಿಧಾನವೇ, ಅದಕ್ಕೂ ತರಬೇತಿ ಬೇಕು. ಸಂಸ್ಥೆಯ ಹೆಸರಿಗಿಂತ ಮಾರ್ಗದರ್ಶಕರನ್ನು ನೋಡಿ ಆರಿಸಿ: ಅವರ ಇಬ್ಬರು ಹಳೆಯ ವಿದ್ಯಾರ್ಥಿಗಳನ್ನಾದರೂ ಕಂಡು, ಎಷ್ಟು ವರ್ಷ ಹಿಡಿಯಿತು, ಪ್ರಬಂಧದಲ್ಲಿ ಯಾರ ಹೆಸರು ಮೊದಲು ಬಂತು ಎಂದು ಕೇಳಿ. ಆದಾಯ ಇಳಿಯುತ್ತದೆ, ಎಷ್ಟು ಇಳಿದರೆ ಮನೆ ನಡೆಯುತ್ತದೆ ಎಂಬ ಲೆಕ್ಕವನ್ನು ಮನೆಯವರೊಂದಿಗೆ ಕುಳಿತು ಕಾಗದದ ಮೇಲೆ ಮಾಡಿ. ಈ ಕೊನೆಯದನ್ನು ಅವರು ಮುಂದೂಡುತ್ತಲೇ ಇದ್ದರು. ನಾನೂ ಬಿಡಲಿಲ್ಲ.

ಐದು ತಿಂಗಳ ನಂತರ ಬಂದಾಗ ಮುಖದಲ್ಲಿ ಬೇರೆಯೇ ಕಳೆ. ಅನುಮತಿ ಸಿಕ್ಕಿತ್ತು, ಮೂರು ತರಗತಿಗಳೂ ಆಗಿದ್ದವು. ಎರಡನೆಯದರಲ್ಲಿ ಹೆಸರುಗಳಿಲ್ಲದೆ ತಮ್ಮ ಅಂಕಣಗಳನ್ನು ಬೋರ್ಡಿನ ಮೇಲೆ ಬರೆದು, ತಡ ಎಲ್ಲಿ ಆಗುತ್ತಿದೆ ಎಂದು ಕೇಳಿದರಂತೆ. ಎಲ್ಲರೂ ಬಿಲ್ ವಿಭಾಗದತ್ತ ಬೆರಳು ತೋರಿಸಿದರು. ಹಿಂದಿನ ಸಾಲಿನಲ್ಲಿದ್ದ, ಒಂಬತ್ತು ವರ್ಷ ವಾರ್ಡಿನಲ್ಲಿ ನರ್ಸ್ ಆಗಿದ್ದ ವಿದ್ಯಾರ್ಥಿನಿ ಮಾತ್ರ ಎದ್ದು ನಿಂತು, "ಮೇಡಂ, ಬಿಲ್ ಆದ ಮೇಲೂ ಮೂರು ಗಂಟೆ ಇದೆಯಲ್ಲ? ಕರೆದೊಯ್ಯುವವರು ಕೆಲಸ ಮುಗಿಸಿ ಬರುವುದೇ ಸಂಜೆಗೆ" ಎಂದಳು.

ಹನ್ನೊಂದು ವರ್ಷದಲ್ಲಿ ಇವರಿಗೆ ಹೊಳೆಯದ ಮಾತು. ನೋಟ್‌ಬುಕ್ ತೆರೆದು ತೋರಿಸಿದರು. ಪುಟದ ಬಲ ಅಂಚಿನಲ್ಲಿ, ಜಾಗ ಸಾಲದೆ ಒತ್ತೊತ್ತಾಗಿ, ನಾಲ್ಕನೆಯ ಅಂಕಣ: ಯಾರು ಕರೆದೊಯ್ದರು, ಎಷ್ಟು ಹೊತ್ತಿಗೆ ಬಂದರು.