ದೊಡ್ಡವನ ಎಂಜಲು ತಿಂದಿದ್ದಕ್ಕಾ ಮೇಡಂ?

ಈ ಪ್ರಶ್ನೆ ನನ್ನ ಹತ್ತಿರ ಮತ್ತೆ ಮತ್ತೆ ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ತೀರ್ಥಹಳ್ಳಿ ಕಡೆಯ ತಾಯಿ, ಎರಡನೇ ಬಾಣಂತನ. ಮಗುವಿಗೆ ತೂಕ ಕಮ್ಮಿ, ಮೈಮೇಲೆ ಸಣ್ಣ ಕೆಂಪು ಚುಕ್ಕೆ. 12ನೇ ದಿನ ಮೂತ್ರ ಪರೀಕ್ಷೆಯಲ್ಲಿ ಸೈಟೊಮೆಗಾಲೊವೈರಸ್, ಅಂದರೆ ಸಿಎಂವಿ, ಗೊತ್ತಾಯಿತು. ಬಸುರಿಯಿಂದ ಹೊಟ್ಟೆಯಲ್ಲಿರುವ ಕೂಸಿಗೂ ದಾಟಬಲ್ಲ ವೈರಸ್ ಇದು. ಈ ಪರೀಕ್ಷೆ 21 ದಿನದೊಳಗೇ ಆಗಬೇಕು. ತಡವಾದರೆ ಸೋಂಕು ಹೊಟ್ಟೆಯಲ್ಲೇ ಬಂದದ್ದೋ, ಆಮೇಲೆ ಬಂದದ್ದೋ ಹೇಳುವುದು ಕಷ್ಟ. ಡಾಕ್ಟರು 6 ತಿಂಗಳಿಗೆ ವಾಲ್‌ಗ್ಯಾನ್ಸಿಕ್ಲೊವಿರ್ ಎಂಬ ವೈರಸ್ ತಡೆಯುವ ಔಷಧ ಬರೆದಿದ್ದರು.

ಆ ದಿನ ಶಿವಮೊಗ್ಗದಲ್ಲಿ ನಾನು ತಾಯಂದಿರ ಜೊತೆ ಕೂತು ಮಾತಾಡುವ ಕೋಣೆಗೆ ಎರಡೂವರೆ ವರ್ಷದ ದೊಡ್ಡ ಮಗನೂ ಬಂದಿದ್ದ. ಅರ್ಧ ಕಚ್ಚಿದ ಬಿಸ್ಕತ್ತನ್ನು ಅಮ್ಮನ ಬಾಯಿಗೆ ಹಿಡಿದ. ಅವರು ಥಟ್ಟನೆ ಮುಖ ತಿರುಗಿಸಿದರು. ಹುಡುಗ ಕೈ ಇಳಿಸಲಿಲ್ಲ, ಹಾಗೇ ನಿಂತ. ಜೊಲ್ಲಿಗೆ ನೆನೆದ ಚೂರೊಂದು ಅವರ ಮಡಿಲಿಗೆ ಬಿತ್ತು. ಆಗ ಕೇಳಿದರು: "ಬಸುರಿ ಇದ್ದಾಗ ಇವನ ಎಂಜಲು ತಿಂತಿದ್ದೆ. ಅದಕ್ಕೇ ಹೀಗಾಯ್ತಾ ಮೇಡಂ?"

ಇಲ್ಲ ಅಂದುಬಿಡುವುದು ಸುಲಭವಿತ್ತು. ಅನ್ನಲಿಲ್ಲ. ಪುಟ್ಟ ಮಕ್ಕಳ ಜೊಲ್ಲು, ಮೂತ್ರದಿಂದ ಈ ವೈರಸ್ ಹರಡುವುದು ನಿಜ. "ಇರಬಹುದಮ್ಮ. ನಿಮ್ಮ ಮೈಯಲ್ಲೇ ಮಲಗಿದ್ದ ಹಳೆಯ ವೈರಸ್ ಎದ್ದಿರಲೂಬಹುದು. ಯಾವುದು ಅಂತ ಈಗ ಹೇಳೋಕಾಗಲ್ಲ. ಮಗ ಬಿಟ್ಟ ಅನ್ನ ತಿನ್ನಬೇಡ ಅಂತ ನಿಮಗೆ ಯಾರಾದರೂ ಹೇಳಿದ್ದರಾ?" ಇಲ್ಲ ಅಂತ ತಲೆ ಅಲ್ಲಾಡಿಸಿದರು. "ಮತ್ತೆ ಅದು ನಿಮ್ಮ ತಪ್ಪು ಹೇಗಾಗುತ್ತೆ?" ಬಹಳ ಹೊತ್ತು ಅತ್ತರು.

ಹಸಿ ಬಾಣಂತಿಗೆ ಇಷ್ಟು ನೇರ ಮಾತು ಬೇಡಿತ್ತು ಅಂತ ನನ್ನ ಜೊತೆ ಕೆಲಸ ಮಾಡುವವರೊಬ್ಬರು ಬೇಸರ ಮಾಡಿಕೊಂಡರು. ನಾನು ಒಪ್ಪುವುದಿಲ್ಲ. ಇವತ್ತು ಸುಳ್ಳು ಸಮಾಧಾನ ಹೇಳಿದರೆ ನಾಳೆ ಮೊಬೈಲಿನಲ್ಲಿ ನಿಜ ಓದುತ್ತಾರೆ. ಆಮೇಲೆ ನನ್ನ ಯಾವ ಮಾತನ್ನೂ ನಂಬುವುದಿಲ್ಲ. ನಂಬಲೇಬೇಕಾದ ಮಾತು ಇನ್ನೂ ಬಾಕಿ ಇದ್ದವು.

ಹಾಲು ಕೆಟ್ಟಿದೆ, ನಿಲ್ಲಿಸು ಅಂತ ಮನೆಯಲ್ಲಿ ಒತ್ತಾಯ. ತಿಂಗಳು ತುಂಬಿ ಹುಟ್ಟಿದ ಮಗು, ಎದೆಹಾಲು ನಿಲ್ಲಿಸಬೇಕಿಲ್ಲ ಅಂತ ಡಾಕ್ಟರ ಬಾಯಲ್ಲೇ ಅಜ್ಜಿಗೆ ಹೇಳಿಸಿದೆ. ತೀರಾ ಮುಂಚೆ ಹುಟ್ಟಿದ ಮಗುವಾದರೆ ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು. ಔಷಧದಿಂದ ಬಿಳಿ ರಕ್ತಕಣ ಇಳಿಯಬಹುದು, ರಕ್ತ ಪರೀಕ್ಷೆ ತಪ್ಪಿಸಬೇಡಿ ಅಂದೆ. ಮಲೆನಾಡಿನ ಮಳೆಯಲ್ಲಿ ಕೂಸು ಕಟ್ಟಿಕೊಂಡು ಬಸ್ಸು ಹತ್ತುವ ಕಷ್ಟ ಗೊತ್ತಿದ್ದೇ ಅಂದೆ. "ಕಿವಿ ಟೆಸ್ಟ್ ಪಾಸಾಗಿದೆಯಲ್ಲ, ಇನ್ಯಾಕೆ?" ಅಂದರು ಗಂಡ. ಈ ಸೋಂಕಿನಲ್ಲಿ ಕಿವಿ ಮಂದವಾಗುವುದು ವರ್ಷಗಳ ಮೇಲೂ ಶುರುವಾಗಬಹುದು. ಶಾಲೆಗೆ ಸೇರುವವರೆಗೂ ಆಗಾಗ ತೋರಿಸುತ್ತಲೇ ಇರಬೇಕು.

ಮನೆಯಲ್ಲಿ ಪುಟ್ಟ ಮಗುವಿರುವ ಬಸುರಿಯರೇ, ಅದನ್ನು ದೂರ ಮಾಡಬೇಡಿ. ಮುತ್ತು ಹಣೆಗೆ ಕೊಡಿ. ಚಮಚ, ಲೋಟ ಬೇರೆ ಇರಲಿ. ಉಚ್ಚೆ ಬಟ್ಟೆ ಬದಲಿಸಿದ ಮೇಲೆ, ಸಿಂಬಳ ಒರೆಸಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ.

ಮುಂದಿನ ಸಲ ಬಂದಾಗ ದೊಡ್ಡವನ ಕೈಯಲ್ಲಿ ಅರ್ಧ ತಿಂದ ಬಾಳೆಹಣ್ಣಿತ್ತು. ಅಮ್ಮನಿಗೆ ಹಿಡಿದ. ಅವರು ನನ್ನ ಮುಖ ನೋಡಿದರು.

"ಈಗ ಬಸುರಿ ಅಲ್ವಲ್ಲ, ತಿನ್ನಿ" ಅಂದೆ.