ಒಂದೇ ಸಲ ಹೂ ಬಿಡೋ ಐರಿಸ್‌ಗೆ ಎರಡ್ಸಲ ಬಿಡೋದನ್ನ ಕ್ರಾಸ್ ಮಾಡಿದ್ರೆ ಮರಿ ಎರಡ್ಸಲ ಬಿಡುತ್ತಾ?

ಸಾಮಾನ್ಯವಾಗಿ ಬಿಡಲ್ಲ. ಕೋಲಾರದಲ್ಲಿ ನಿಮ್ಮನೆ ಹಿಂದೆ ಎರಡು ಬಿಯರ್ಡೆಡ್ ಐರಿಸ್ (ಕೆಳಗಿನ ಎಸಳ ಮೇಲೆ ಗಡ್ಡದ ಥರ ರೋಮ ಇರೋ ಜಾತಿ) ಇದೆ, ಒಂದು ರೀಬ್ಲೂಮರ್ ಅಂದ್ರೆ ವರ್ಷಕ್ಕೆ ಎರಡ್ಸಲ ಬಿಡೋದು, ಇನ್ನೊಂದು ಮಾಮೂಲಿದು ಆದ್ರೆ ಬಣ್ಣ ಚೆನ್ನಾಗಿದೆ, ಎರಡೂ ಸೇರಿಸಿದ್ರೆ ಆಗುತ್ತಾ ಅಂತ ಕೇಳಿದೀರಲ್ಲ, ನಾನೂ ಇದನ್ನೇ ಮಾಡಿ ಮೂರು ವರ್ಷ ಕಳ್ಕೊಂಡೆ. ನಾನು ಚಿಕ್ಕಬಳ್ಳಾಪುರದ ಪಕ್ಕ ಸೇವಂತಿಗೆ, ರೋಜಾ ಬೆಳೆಯೋನು, ಐರಿಸ್ ಬರೀ ಹುಚ್ಚಿಗೆ.

ಮೊದಲು ಒಂದು ವಿಷ್ಯ ತಲೇಲಿಟ್ಕೊಳಿ. ಬಾಳೆ ಥರಾನೇ ಇದು. ಗೊನೆ ಕಡಿದ ಮೇಲೆ ತಾಯಿ ಬಾಳೆ ಮತ್ತೆ ಗೊನೆ ಹಾಕುತ್ತಾ? ಇಲ್ವಲ್ಲ, ಕಂದು ಬೆಳೀಬೇಕು. ಐರಿಸ್ ಗೆಡ್ಡೆನೂ ಒಂದ್ಸಲ ಹೂ ಬಿಟ್ರೆ ಅದರ ಕತೆ ಮುಗೀತು, ಪಕ್ಕದಲ್ಲಿ ಬರೋ ಮರಿಗೆಡ್ಡೆಗಳು ಮುಂದಿನ ಹೂ ಕೊಡ್ತವೆ. ಮಾಮೂಲಿ ಐರಿಸ್‌ನಲ್ಲಿ ಈ ಮರಿಗಳು ಬಲಿತ್ರೂ ಒಂದು ಚಳಿಗಾಲ ಕಳೀದೆ ಹೂ ಕಡ್ಡಿ ಎತ್ತಲ್ಲ, ರೀಬ್ಲೂಮರಲ್ಲಿ ಮರಿಗಳು ಬೇಗ ಬಲಿತು ಅದೇ ವರ್ಷ ಹೂ ಕೊಡ್ತವೆ, ಅಷ್ಟೇ ವ್ಯತ್ಯಾಸ. ಹಂಗಾಗಿ ಗಿಡ ಆರಿಸೋವಾಗ ಹೂವಿನ ಚೆಂದ ಆಮೇಲೆ ನೋಡಿ, ಬುಡದಲ್ಲಿ ಎಷ್ಟು ಮರಿ ಎಷ್ಟು ಬೇಗ ಬರ್ತಿದೆ ಅನ್ನೋದನ್ನ ಮೊದಲು ನೋಡಿ.

ಈ ಗುಣ ಒಂದೇ ಜೀನಿಂದ ಬರೋದಲ್ಲ, ಮೇಲಾಗಿ ಎತ್ತರದ ಬಿಯರ್ಡೆಡ್ ಐರಿಸ್‌ಗಳಲ್ಲಿ ಕ್ರೋಮೋಸೋಮು ನಾಲ್ಕು ಸೆಟ್ಟು, ಒಟ್ಟು 48. ಹಂಗಾಗಿ ಮಾಮೂಲಿ ಗಿಡ ಸೇರಿಸಿದ್ರೆ ಮೊದಲ್ನೇ ತಲೆಮಾರಲ್ಲಿ ಗುಣ ಅಡಗಿಬಿಡುತ್ತೆ, ಆ ಬೀಜದಿಂದ ಬಂದ ಗಿಡಗಳನ್ನ ಮತ್ತೆ ಒಂದು ರೀಬ್ಲೂಮರ್‌ಗೆ ಸೇರಿಸಿದ್ರೆ ಕೆಲವು ಹೊರಗೆ ಬರ್ತವೆ, ಅಂದ್ರೆ ಐದಾರು ವರ್ಷ. ಅದರ ಬದ್ಲು ಎರಡೂ ಕಡೆ ರೀಬ್ಲೂಮರ್ ಇಟ್ಕೊಳಿ. ಲಾಯ್ಡ್ ಜುರ್‌ಬ್ರಿಗ್ ಅಂತ ಇದರಲ್ಲೇ ಜೀವನ ಸವೆಸಿದೋರು, ಅವರ 1982ರ ಬಿಳಿ ಹೂ ಇಮ್ಮಾರ್ಟಾಲಿಟಿ ಇವತ್ತಿಗೂ ರೀಬ್ಲೂಮರ್ ಅಂದ್ರೆ ಮೊದಲು ಬರೋ ಹೆಸರು, ಅದರ ತಾಯಿ ತಂದೆ ಎರಡೂ ಮತ್ತೆ ಮತ್ತೆ ಬಿಡೋ ತಳಿಗಳೇ, ಅದೂ ಅವರೇ ಮಾಡಿದ್ದು.

ಕ್ರಾಸ್ ಮಾಡೋದು ಸುಲಭ ಕಣ್ರೀ. ಬೆಳಿಗ್ಗೆ ಜೇನುಹುಳ ಬರೋಕೆ ಮುಂಚೆ, ಆಗಷ್ಟೇ ಬಿಚ್ತಿರೋ ಹೂವಿನ ಕೆಳಗೆ ಜೋತಿರೋ ಮೂರು ಎಸಳು ಕಿತ್ತಾಕಿ, ಹುಳ ಕೂರೋಕೆ ಜಾಗ ಇರಲ್ಲ. ಅದರ ಕೇಸರಗಳನ್ನೂ ತೆಗೀರಿ. ಇನ್ನೊಂದು ಹೂವಿನ ಕೇಸರ ಚಿಮಟದಲ್ಲಿ ಹಿಡ್ಕೊಂಡು ಒಳಗೆ ಸಣ್ಣ ತುಟಿ ಥರ ಇರುತ್ತಲ್ಲ, ಅದರ ಮೇಲೆ ಪುಡಿ ಸವರಿ, ಮೂರು ತುಟಿಗೂ. ದಾರಕ್ಕೆ ಚೀಟಿ ಕಟ್ಟಿ ತಾಯಿ ಹೆಸರು ಮೊದಲು ಬರೀರಿ. ಎರಡು ತಿಂಗಳು ದಾಟಿದ ಮೇಲೆ ಕಾಯಿ ಕಂದು ಬಣ್ಣಕ್ಕೆ ತಿರುಗಿ ತುದೀಲಿ ಬಿರಿಯುತ್ತೆ.

ನಮ್ಮ ಕಡೆ ನಿಜವಾದ ತಲೆನೋವು ಚಳಿದು. ಬೀಜ ಮೊಳೀಬೇಕು ಅಂದ್ರೆ ತೇವದಲ್ಲಿ ಎರಡು ಮೂರು ತಿಂಗಳು ತಣ್ಣಗಿರಬೇಕು, ನಾನು ಒದ್ದೆ ಕೋಕೋಪೀಟಲ್ಲಿ ಕಲಸಿ ಜಿಪ್ ಕವರಲ್ಲಿ ಫ್ರಿಜ್ಜಿನ ತರಕಾರಿ ಡಬ್ಬಕ್ಕೆ ಹಾಕ್ತೀನಿ (ಒಂದ್ಸಲ ನಮ್ಮನೆಯವರು ಕೊಳೆತಿರೋ ಹುಣಸೆಬೀಜ ಅಂತ ಎಸೆದ್ರು). ಮೊಳೆತ ಮೇಲೆ ಹೂವಿಗೆ ಇನ್ನೂ ಎರಡು ಮೂರು ವರ್ಷ. ಗಿಡಕ್ಕೂ ಚಳಿ ಬೇಕು. ನಮ್ಮ ಭಾವ ಶ್ರೀನಗರದಲ್ಲಿ ಡ್ಯೂಟಿ ಮಾಡ್ತಿದ್ದಾಗ ಅಲ್ಲಿ ಗೋರಿಗಳ ಹತ್ರ ಬೆಳೆಸೋ ಬಿಳಿ ಐರಿಸ್ ತಂದ್ಕೊಟ್ಟಿದ್ರು, ಎಲೆ ಸೊಂಪಾಗಿದೆ, ಹೂ ಇವತ್ತಿನವರೆಗೂ ಒಂದೂ ಇಲ್ಲ. ಹಂಗಾಗಿ ಕ್ಯಾಟಲಾಗಲ್ಲಿ ಏನು ಬರೆದಿದ್ರೂ ನಂಬಬೇಡಿ, ಕೋಲಾರದ ಡಿಸೆಂಬರ್ ಚಳಿ ಸಾಕು ಅನ್ನೋ ಗಿಡಾನೇ ತಾಯಿ ಮಾಡ್ಕೊಳಿ.

ಮಳೇಲಿ ಗೆಡ್ಡೆ ಕೊಳೆಯುತ್ತೆ, ನಾರುತ್ತೆ. ಏರುಮಡಿ ಮಾಡಿ ಗೆಡ್ಡೆ ಬೆನ್ನು ಬಿಸಿಲಿಗೆ ಕಾಣೋ ಹಂಗೆ ನೆಡಿ, ಯೂರಿಯಾ ಮುಟ್ಟಿಸ್ಬೇಡಿ. ಆದ್ರೆ ಮೊದಲ್ನೇ ಹೂ ಆದ್ಮೇಲೆ ಬೇಸಿಗೇಲಿ ನೀರು ಹಾಕೋದನ್ನ ಬಿಡ್ಬೇಡಿ, ಮರಿ ಬಲಿಯೋದೇ ಆವಾಗ.

ಇನ್ನೊಂದು, ಫೆಬ್ರವರಿಲಿ ಒಂದು ಕಡ್ಡಿ, ಮಾರ್ಚಲ್ಲಿ ಇನ್ನೊಂದು ಬಂದ್ರೆ ಅದು ರೀಬ್ಲೂಮ್ ಅಲ್ಲ, ಹಿಂದುಳಿದಿದ್ದ ಗೆಡ್ಡೆ ತಡವಾಗಿ ಬಿಟ್ಟಿದ್ದು ಅಷ್ಟೇ. ನನ್ನ ಎರಡನೇ ಸಲದ ಕ್ರಾಸಲ್ಲಿ 38 ಬೀಜಕ್ಕೆ 11 ಮೊಳೀತು, ನಾಲ್ಕು ಹೂ ಬಿಟ್ವು, ಒಂದು ಮಾತ್ರ ಹೋದ್ವರ್ಷ ಫೆಬ್ರವರಿಲಿ ಬಿಟ್ಟಿದ್ದು ನವೆಂಬರಲ್ಲಿ ಮತ್ತೆ ಕಡ್ಡಿ ಎತ್ತಿತು. ಬಣ್ಣ ಏನೂ ವಿಶೇಷ ಇಲ್ಲ, ಮಾಸಲು ನೇರಳೆ. ಈ ವರ್ಷನೂ ಹಂಗೇ ಬಿಟ್ರೆ ಒಂದು ಮರಿಗೆಡ್ಡೆ ನಿಮಗೆ, ಕೋಲಾರ ಏನು ದೂರ ಇಲ್ಲ, ಬಂದು ತಗೊಂಡೋಗಿ.