ಸೆಕ್ರೆನ್ಯಿ: ಬಾವಿಯ ನೀರು, ಮನೆಯ ಕಂಬ ಮತ್ತು ತಮ್ಮ ಪ್ರಶ್ನೆಗಳು

ಮಾನ್ಯರೇ,

ನಾಗಾಲ್ಯಾಂಡಿನ ಅಂಗಾಮಿ ಬುಡಕಟ್ಟಿನ ಜನರ ಶುದ್ಧಿಯ ಹಬ್ಬವಾದ ಸೆಕ್ರೆನ್ಯಿಯ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿದೆ. ಇದನ್ನು ‘ನಾಗಾ ಯುಗಾದಿ’ ಎನ್ನಬಹುದೇ, ಜನ ಕ್ರೈಸ್ತರಾದ ಮೇಲೆ ಈ ಶುದ್ಧಿಯ ಆಚರಣೆಗೆ ಏನು ಅರ್ಥ ಉಳಿದಿದೆ, ಹೆಂಗಸರನ್ನು ಬಾವಿಯಿಂದ ದೂರ ಇಡುವ ಹಬ್ಬವನ್ನು ನಾವು ಮೆಚ್ಚಿ ಬರೆದದ್ದು ಸರಿಯೇ ಎಂದು ಕೇಳಿದ್ದೀರಿ. ಮುಂದಿನ ಫೆಬ್ರುವರಿಯಲ್ಲಿ ಅಲ್ಲಿಗೆ ಹೋಗಿಬರುವ ಆಸೆಯನ್ನೂ ತಿಳಿಸಿದ್ದೀರಿ.

ಮೊದಲನೆಯದಕ್ಕೆ ಉತ್ತರ ಚಿಕ್ಕದು. ನಾಗಾ ಎಂಬುದು ಒಂದೇ ಬುಡಕಟ್ಟಿನ ಹೆಸರಲ್ಲ, ಹಾಗಾಗಿ ಎಲ್ಲರಿಗೂ ಒಂದೇ ಹೊಸ ವರ್ಷವೂ ಇಲ್ಲ. ಕೊನ್ಯಾಕರು ಏಪ್ರಿಲ್ ಮೊದಲ ವಾರದಲ್ಲಿ ಆವೊಲಿಂಗ್ ಆಚರಿಸುತ್ತಾರೆ. ಝೆಲಿಯಾಂಗ್ರಾಂಗ್ ಜನರ ಗಾನ್-ನ್ಗಾಯ್ ಸುಗ್ಗಿ ಮುಗಿದ ಮೇಲೆ ಚಳಿಗಾಲದಲ್ಲಿ ಬರುತ್ತದೆ. ಸೆಕ್ರೆನ್ಯಿ ಅಂಗಾಮಿಗಳದು. ಕೊಹಿಮಾ ಸುತ್ತಲಿನ ಊರುಗಳಲ್ಲಿ ಅವರ ಕೆಝೆಯ್ ತಿಂಗಳ (ಸುಮಾರು ಫೆಬ್ರುವರಿ) 25ನೆಯ ದಿನ ಆರಂಭವಾಗಿ ಹತ್ತು ದಿನ ನಡೆಯುವುದು ಇದರ ಹಳೆಯ ಕ್ರಮ. ಬೆಟ್ಟದ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ನೀರು ನಿಲ್ಲಿಸಿ ಭತ್ತ ಬೆಳೆಯುವ ಈ ಜನಕ್ಕೆ ಅದು ಗದ್ದೆಯ ಹೊಸ ದುಡಿಮೆಗೆ ಮೊದಲು ಸಿಗುವ ಬಿಡುವು. ‘ನಾಗಾ ಯುಗಾದಿ’ ಎಂದರೆ ಈ ಭೇದಗಳೆಲ್ಲ ಅಳಿಸಿಹೋಗುತ್ತವೆ. ಆ ಹೆಸರನ್ನು ನಾನು ಬಳಸಲಾರೆ.

ಇನ್ನು ಬಾವಿಯ ವಿಷಯ. ಹಬ್ಬದ ಮೊದಲ ದಿನ ರಾತ್ರಿ ಇಬ್ಬರು ಯುವಕರು ಊರಬಾವಿಯನ್ನು ತೊಳೆದು ಶುಚಿ ಮಾಡುತ್ತಾರೆ. ಆ ಬಳಿಕ ಹೆಂಗಸರು ಅಲ್ಲಿ ನೀರು ಸೇದುವಂತಿಲ್ಲ, ಯಾರೂ ಸೇದದಂತೆ ಕೆಲವು ಹುಡುಗರು ರಾತ್ರಿಯಿಡೀ ಕಾವಲಿರುತ್ತಾರೆ. ಬೆಳಗಿನ ಜಾವ ಊರಿನ ಯುವಕರೆಲ್ಲ ಮ್ಹೌಶು ಎಂಬ ಬಿಳಿ ಶಾಲನ್ನೂ ಲೋಹೆ ಎಂಬ ಕಪ್ಪು ಶಾಲನ್ನೂ ಹೊಸದಾಗಿ ಹೊದ್ದು ಬಾವಿಗೆ ಹೋಗಿ ಎದೆ, ಮೊಣಕಾಲು ಮತ್ತು ಬಲದೋಳಿಗೆ ನೀರು ಚಿಮುಕಿಸಿಕೊಳ್ಳುತ್ತಾರೆ. ಕಳೆದ ವರ್ಷದ ಕಾಯಿಲೆ, ಕೇಡುಗಳೆಲ್ಲ ಆ ನೀರಿನಲ್ಲಿ ಕಳೆದುಹೋದವೆಂಬ ನಂಬಿಕೆ. ಮನೆಗೆ ಮರಳಿ ಹುಂಜವೊಂದನ್ನು ಬರಿಗೈಯಲ್ಲಿ ಕುತ್ತಿಗೆ ಹಿಸುಕಿ ಬಲಿ ಕೊಡುತ್ತಾರೆ. ಅದು ಬೀಳುವಾಗ ಬಲಗಾಲು ಎಡಗಾಲಿನ ಮೇಲೆ ಬಂದರೆ ಶುಭಶಕುನ. ಕರುಳುಗಳನ್ನು ತೆಗೆದು ಮನೆಯ ಹೊರಗೆ ತೂಗುಹಾಕುತ್ತಾರೆ, ಊರಿನ ಹಿರಿಯರು ಬಂದು ಅವುಗಳನ್ನು ನೋಡಿ ಶಕುನ ಹೇಳುತ್ತಾರೆ.

ಇಷ್ಟನ್ನೇ ಓದಿದವರಿಗೆ ಹಬ್ಬವೆಲ್ಲ ಗಂಡಸರದೇ ಎನಿಸುವುದು ಸಹಜ. ಆದರೆ ಮೊದಲ ದಿನ ಮನೆಯೊಳಗೆ ನಡೆಯುವ ಕಿಝಿಯೆ ಎಂಬ ವಿಧಿ ಸಂಪೂರ್ಣವಾಗಿ ಗೃಹಿಣಿಯದು. ಅಕ್ಕಿಯ ಮದ್ಯದ ಗಡಿಗೆಯ ಮೇಲ್ತಿಳಿಯಿಂದ ಕೆಲವು ಹನಿ ತೆಗೆದು, ಎಲೆಗಳಲ್ಲಿ ಹಾಕಿ, ಮನೆಯ ಮೂರು ಮುಖ್ಯ ಕಂಬಗಳ ಬುಡದಲ್ಲಿ ಅವಳು ಇಡುತ್ತಾಳೆ. ಹೀಗೆ ಮನೆಗೆ ಒಳಿತನ್ನು ಕೋರುವವಳು ಅವಳೇ. ಈ ಮಾತನ್ನು ಬಾವಿಯ ನಿಷೇಧಕ್ಕೆ ಸಮಜಾಯಿಷಿಯಾಗಿ ಹೇಳುತ್ತಿಲ್ಲ. ನಿತ್ಯವೂ ನೀರು ಹೊರುವವರನ್ನೇ ಆ ನೀರಿನಿಂದ ದೂರವಿಡುವ ಕಟ್ಟಳೆ ನನಗೂ ಒಪ್ಪಿಗೆಯಾಗದು. ಆದರೆ ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಅಂಗಾಮಿ ಹೆಂಗಸರಿಗೆ ಅನ್ಯಾಯವಾಗುವುದು ಎರಡನೆಯ ಸಲ.

ಮೇಲಾಗಿ, ಕಟ್ಟಳೆ ಮತ್ತು ಹೆಣ್ಣಿನ ಸ್ಥಾನದ ಚರ್ಚೆಯನ್ನು ನಾವು ಹೊರಗಿನಿಂದ ಅಲ್ಲಿಗೆ ಹೊತ್ತೊಯ್ಯಬೇಕಾಗಿಲ್ಲ. ಸಂವಿಧಾನದ 371ಎ ವಿಧಿ ನಾಗಾ ಸಾಂಪ್ರದಾಯಿಕ ಕಾನೂನಿಗೆ ವಿಶೇಷ ರಕ್ಷಣೆ ಕೊಟ್ಟಿದೆ. ಅದನ್ನೇ ಮುಂದಿಟ್ಟು 2017ರಲ್ಲಿ ಪೌರಸಂಸ್ಥೆಗಳ ಮಹಿಳಾ ಮೀಸಲಾತಿಯನ್ನು ತೀವ್ರವಾಗಿ ವಿರೋಧಿಸಲಾಯಿತು. ಕೊನೆಗೆ 2024ರಲ್ಲಿ ಶೇ. 33ರ ಮೀಸಲಾತಿಯೊಂದಿಗೇ ಚುನಾವಣೆ ನಡೆಯಿತು. 1963ರಲ್ಲಿ ರಾಜ್ಯವಾದ ನಾಗಾಲ್ಯಾಂಡಿನ ವಿಧಾನಸಭೆಗೆ ಮಹಿಳೆಯರು ಮೊದಲ ಬಾರಿಗೆ ಗೆದ್ದು ಬಂದದ್ದು 2023ರಲ್ಲಿ, ಮತ್ತು ಆ ಇಬ್ಬರಲ್ಲಿ ಒಬ್ಬರಾದ ಸಲ್ಹೌತುವೊನುವೊ ಕ್ರೂಸೆ ಅವರು ಗೆದ್ದದ್ದು ಪಶ್ಚಿಮ ಅಂಗಾಮಿ ಕ್ಷೇತ್ರದಿಂದ. ಆ ಜಗಳವನ್ನು ಅಲ್ಲಿನವರೇ ಆಡುತ್ತಿದ್ದಾರೆ, ಗೆಲ್ಲುತ್ತಲೂ ಇದ್ದಾರೆ.

2011ರ ಜನಗಣತಿಯಂತೆ ನಾಗಾಲ್ಯಾಂಡಿನ ಸುಮಾರು ಶೇ. 88ರಷ್ಟು ಜನ ಕ್ರೈಸ್ತರು. ಬಾಪ್ಟಿಸ್ಟ್ ಮಿಷನರಿಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಕೊಹಿಮಾಕ್ಕೆ ಬಂದವರು. ಹುಂಜದ ಶಕುನವಾಗಲಿ ಕಂಬದ ಬುಡದ ಎಲೆಯಾಗಲಿ ಇಂದು ಎಲ್ಲ ಮನೆಗಳಲ್ಲೂ ಇಲ್ಲ. ಪಾದ್ರಿಯ ಪ್ರಾರ್ಥನೆಯಿಂದ ಕಾರ್ಯಕ್ರಮ ಶುರುವಾಗುವುದು ಈಗ ಸಾಮಾನ್ಯ. ಹಾಗೆಂದು ಉಳಿದದ್ದೆಲ್ಲ ಪ್ರವಾಸಿಗರಿಗಾಗಿ ನಡೆಸುವ ಪ್ರದರ್ಶನ ಎಂಬ ತಮ್ಮ ಅನುಮಾನವನ್ನು ಒಪ್ಪಲಾರೆ. ನಾಲ್ಕನೆಯ ದಿನದಿಂದ ಮೂರು ದಿನ ನಡೆಯುವ ಹಾಡು-ಊಟವನ್ನೇ ನೋಡಿ: ಥೆಕ್ರಾ ಹಿಯೆ ಎಂಬ ಕೂಟದಲ್ಲಿ ಊರಿನ ಹುಡುಗ ಹುಡುಗಿಯರು ಒಟ್ಟಿಗೆ ಕುಳಿತು ದಿನವಿಡೀ ಹಳೆಯ ಹಾಡುಗಳನ್ನು ಹಾಡುತ್ತಾರೆ. ಎಂಟನೆಯ ದಿನ ಊರಿನ ಹೆಬ್ಬಾಗಿಲಿಗೆ ದೊಡ್ಡ ಮರದ ಕದವನ್ನು ಎಳೆದು ತರುವ ಪದ್ಧತಿಯಿದೆ. ಒಂದು ಮನೆಯವರಿಂದ, ಒಂದು ಕುಲದವರಿಂದ ಆಗುವ ಕೆಲಸ ಅದಲ್ಲ. ಅಕ್ಕಪಕ್ಕದ ಊರಿನವರು ಪರಸ್ಪರ ಭೇಟಿ ಕೊಡುವುದೂ ಆಗಲೇ. ಹಬ್ಬ ಮುಗಿಯುವವರೆಗೆ ಯಾರೂ ಗದ್ದೆಗೆ ಇಳಿಯಬಾರದೆಂಬುದು ಹಳೆಯ ನಿಯಮ. ನನ್ನ ತಿಳಿವಳಿಕೆಯಲ್ಲಿ ಸೆಕ್ರೆನ್ಯಿಯ ಶುದ್ಧಿ ಎಂದರೆ ಮುಖ್ಯವಾಗಿ ಇದು: ಊರಿಗೆ ಊರೇ ಕೈಕೆಲಸ ಬಿಟ್ಟು, ಒಂದೇ ಬಾವಿಯ ನೀರಿನಿಂದ, ಒಂದೇ ಹೊತ್ತಿಗೆ ವರ್ಷವನ್ನು ಆರಂಭಿಸುವುದು. ನಂಬುವ ದೇವರು ಬದಲಾದರೂ ಆ ಅಗತ್ಯ ಬದಲಾಗಿಲ್ಲ.

ಪ್ರಯಾಣದ ಬಗ್ಗೆ: ಡಿಸೆಂಬರ್ 1ರಿಂದ 10ರವರೆಗೆ ಕೊಹಿಮಾ ಬಳಿಯ ಕಿಸಾಮಾದಲ್ಲಿ ನಡೆಯುವ ಹಾರ್ನ್‌ಬಿಲ್ ಉತ್ಸವ ಬೇರೆ. 2000ದಲ್ಲಿ ಶುರುವಾದ ಅದು ಎಲ್ಲ ಬುಡಕಟ್ಟುಗಳಿಗಾಗಿ ಸರ್ಕಾರ ಏರ್ಪಡಿಸುವಂಥದ್ದು. ಸೆಕ್ರೆನ್ಯಿಗೆ ಫೆಬ್ರುವರಿ 25ರ ಹೊತ್ತಿಗೆ ಅಲ್ಲಿರಬೇಕು. ಕೊಹಿಮಾದಿಂದ ಸುಮಾರು 40 ಕಿ.ಮೀ. ದೂರದ ತೌಫೆಮಾದಲ್ಲಿ ಹಳ್ಳಿಯವರೇ ನಡೆಸುವ ಅತಿಥಿಗೃಹಗಳಿವೆ. ರೈಲಿನಲ್ಲಿ ದಿಮಾಪುರದವರೆಗೆ ಹೋಗಿ ಅಲ್ಲಿಂದ ರಸ್ತೆ ಹಿಡಿಯಬೇಕು. ನಾಗಾಲ್ಯಾಂಡ್ ಪ್ರವೇಶಕ್ಕೆ ನಮಗೆಲ್ಲ ಇನ್ನರ್ ಲೈನ್ ಪರ್ಮಿಟ್ ಕಡ್ಡಾಯ, ಅದನ್ನು ಹೊರಡುವ ಮೊದಲೇ ಮಾಡಿಸಿಕೊಳ್ಳಿ.

– ಸಂಪಾದಕ